ಅಜ್ಜನ ವಜಾಬಾಕಿಗೂ ಅಂಕ ಕೊಡಿ

ಧಾರವಾಡದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಿಗೆ, ಗದಗ, ಧಾರವಾಡ, ಹಾವೇರಿ ಜಿಲ್ಲೆಗಳ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಚಾರ್ಯರಿಗೆ, ಈ ಭಾಗದ ಗಣಿತ ಶಿಕ್ಷಕರಿಗೆ ಮತ್ತು ಪಾಲಕರಿಗೆ

ಮಾನ್ಯರೇ,

ನಾನು ಬೆಟಗೇರಿಯವಳು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ 2018ರಲ್ಲಿ ನಿವೃತ್ತಳಾದೆ. ಸಂಜೆ ಓಣಿಯ ಹುಡುಗರು ಪಾಟಿಚೀಲ ತಂದು ನಮ್ಮ ಮನೆ ಕಟ್ಟೆಯ ಮೇಲೆ ಕೂಡುತ್ತಾರೆ, ತಿಳಿಯದ್ದನ್ನು ಕೇಳುತ್ತಾರೆ. ಕಳೆದ ವರ್ಷ ದಸರಾ ರಜೆ ಮುಗಿದ ವಾರ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದಳು. ನೋಟ್‌ಬುಕ್ಕಿನಲ್ಲಿ 502ರಿಂದ 178 ಕಳೆಯುವ ಲೆಕ್ಕವಿತ್ತು, ನಮ್ಮ ಹಿಂದಿನವರ ಬಾಯಲ್ಲಿ ವಜಾಬಾಕಿ. ಉತ್ತರ 324 ಎಂದು ಸರಿಯಾಗಿಯೇ ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ವಿಧಾನ ತಪ್ಪು’ ಎಂಬ ಎರಡು ಪದ.

“ಯಾರು ಹೇಳಿಕೊಟ್ರವ್ವಾ ಇದನ್ನ?” ಎಂದೆ.

“ನಮ್ಮಜ್ಜ.”

ಅಜ್ಜ ಮಗ್ಗದ ಮೇಲೆ ಆಯುಷ್ಯ ಕಳೆದವರು, ಮೂರನೇ ಇಯತ್ತೆಗೆ ಸಾಲಿ ಬಿಟ್ಟವರು. ಅವರ ರೀತಿ ಹೀಗೆ: ಎರಡರಾಗ ಎಂಟು ಹೋಗಂಗಿಲ್ಲ, ಹನ್ನೆರಡು ಅನ್ನು. ಹನ್ನೆರಡರಾಗ ಎಂಟು ಹೋದ್ರ ನಾಕು, ಕೈಯಾಗ ಒಂದು. ಆ ಒಂದನ್ನ ಕೆಳಗಿನ ಏಳಕ್ಕ ಕೂಡಿಸು, ಎಂಟಾತು. ಸೊನ್ನ್ಯಾಗ ಎಂಟು ಹೋಗಂಗಿಲ್ಲ, ಹತ್ತು ಅನ್ನು. ಹತ್ತರಾಗ ಎಂಟು ಹೋದ್ರ ಎರಡು, ಮತ್ತ ಕೈಯಾಗ ಒಂದು. ಕೆಳಗಿನ ಒಂದಕ್ಕ ಕೂಡಿಸಿದ್ರ ಎರಡು. ಐದರಾಗ ಎರಡು ಹೋದ್ರ ಮೂರು. ಮುಗೀತು.

ಶಾಲೆಯಲ್ಲಿ ಈಗ ಕಲಿಸುವ ರೀತಿ ಬೇರೆ. ಅಲ್ಲಿ ಕೆಳಗಿನ ಸಂಖ್ಯೆಯನ್ನು ಮುಟ್ಟುವುದಿಲ್ಲ, ಮೇಲಿನದನ್ನೇ ಬಿಚ್ಚುತ್ತಾರೆ. ಐದು ನೂರಿನ ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಹತ್ತಿನ ಕಟ್ಟು, ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ. ಈಗ ಮೇಲೆ ನಾಲ್ಕು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಉಳಿದವು. ಕಡ್ಡಿಯ ಕಟ್ಟು ಹಿಡಿದು ತೋರಿಸಿದರೆ ಮಗುವಿಗೆ ಕಣ್ಣೆದುರೇ ಕಾಣುತ್ತದೆ. ಇದು ಒಳ್ಳೆಯ ವಿಧಾನ. ನಾನೂ ಇದನ್ನು ಮೆಚ್ಚಿ ಕಲಿಸಿದವಳೇ.

ಇನ್ನು ಗದಗಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಈ ಲೆಕ್ಕಕ್ಕೆ ಪೆನ್ನನ್ನೇ ಮುಟ್ಟುತ್ತಿರಲಿಲ್ಲ. 178ಕ್ಕ ಎರಡು ಹಾಕಿದ್ರ 180, ಮ್ಯಾಲ ಇಪ್ಪತ್ತು ಹಾಕಿದ್ರ ಇನ್ನೂರು, ಅಲ್ಲಿಂದ 502ಕ್ಕ ಮುನ್ನೂರಾ ಎರಡು. ಒಟ್ಟು 324. ಚಿಲ್ಲರೆ ಎಣಿಸಿ ಕೊಡುವ ಕೈಗೆ ಬಂದ ಲೆಕ್ಕ ಅದು.

ಮೂರು ದಾರಿ, ಮೂರೂ ಸರಿ. ಆ ಹುಡುಗಿಯ ಪುಸ್ತಕ ತಿದ್ದಿದ ಶಿಕ್ಷಕಿಯನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಹಿಂದಿನವರು ಹೇಗೆ ಕಳೆಯುತ್ತಿದ್ದರು ಎಂಬುದನ್ನು ಆಕೆಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಲ್ಲ. ಶಾಲೆಯಲ್ಲಿ ರೀತಿ ಬದಲಾಗಿದೆ ಎಂದು ಅಜ್ಜನಿಗೂ ಯಾರೂ ಹೇಳಿಲ್ಲ. ನಡುವೆ ಸಿಕ್ಕಿಬಿದ್ದದ್ದು ಮಗು. ಅರವತ್ತು ಎಪ್ಪತ್ತು ವರ್ಷಗಳಲ್ಲಿ ಗಣಿತ ಕಲಿಸುವ ಕ್ರಮ ನಮ್ಮಲ್ಲಿ ಎಷ್ಟೋ ಸಲ ಬದಲಾಯಿತು. ಪ್ರತಿ ಸಲವೂ ಮನೆಯವರಿಗೆ ಒಂದು ಮಾತು ತಿಳಿಸದೆ ಬದಲಾಯಿಸಿದೆವು. ಅದರ ಬಗ್ಗೆಯೇ ನಾನು ನಿಮ್ಮೆದುರು ಮಾತಾಡಬೇಕಾಗಿದೆ.

ನನ್ನ ತಂದೆ ಮುಲ್ಕಿ ಪರೀಕ್ಷೆ, ಅಂದರೆ ಆಗಿನ ಏಳನೇ ಇಯತ್ತೆಯ ಪರೀಕ್ಷೆ, ಪಾಸಾದವರು. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು, ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಅವರ ಬಾಯಲ್ಲಿ ಸಂಕಲನವೆಂದರೆ ಬೇರೀಜು, ವ್ಯವಕಲನವೆಂದರೆ ವಜಾಬಾಕಿ. ಮಗ್ಗಿಯ ಜೊತೆಗೆ ಅವರಿಗೆ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ ಎಲ್ಲ ಬಾಯಿಪಾಠ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳು ಅವು. ಹೆಸರುಗಳೆಲ್ಲ ಮರಾಠಿಯವು. ಈ ಸೀಮೆಯ ಶಾಲೆಗಳಲ್ಲಿ ಒಂದು ಕಾಲಕ್ಕೆ ಮರಾಠಿಯೇ ನಡೆಯುತ್ತಿತ್ತು. 19ನೇ ಶತಮಾನದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಪಟ್ಟು ಹಿಡಿದು ಕನ್ನಡ ಶಾಲೆ ತೆರೆಸಿದ ಮೇಲೂ ಮಗ್ಗಿಯ ಹೆಸರುಗಳು ಹಾಗೇ ನಾಲಿಗೆಯ ಮೇಲೆ ಉಳಿದವು.

ಈ ಭಿನ್ನರಾಶಿಯ ಮಗ್ಗಿಗಳು ಯಾಕೆ ಬೇಕಿದ್ದವು? ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಮಣಕ್ಕೆ ನಲವತ್ತು ಸೇರು, ಸೇರಿಗೆ ಹದಿನಾರು ಚಟಾಕು. ಎಲ್ಲವೂ ಅರ್ಧ, ಕಾಲು, ಅರೆಕಾಲು ಎಂದು ಒಡೆಯುತ್ತಾ ಹೋಗುವ ಲೆಕ್ಕ. ಹದಿಮೂರು ಸೇರು ಕಾಳು, ಸೇರಿಗೆ ಒಂದೂಕಾಲು ಆಣೆ ಅಂದರೆ ಎಷ್ಟು? ಅಪ್ಪ ತಲೆ ಎತ್ತದೆ “ಸವಾ ಹದಿನಾರು” ಎನ್ನುತ್ತಿದ್ದರು. ಹದಿನಾರೂಕಾಲು ಆಣೆ. ಸಂತೆಯಲ್ಲಿ ನಿಂತವನಿಗೆ ಆ ಮಗ್ಗಿಯೇ ಕ್ಯಾಲ್ಕುಲೇಟರ್. ಲೆಕ್ಕವನ್ನು ವ್ಯವಹಾರದೊಳಗಿಂದಲೇ ಎತ್ತಿಕೊಳ್ಳುವ ಕ್ರಮ ಈ ನಾಡಿಗೆ ಬಹಳ ಹಳೆಯದು. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದಿದ್ದಾನೆ.

ಆ ಕಾಲವನ್ನು ನಾನು ಹೊಗಳಿ ಕೂಡುವವಳಲ್ಲ. ಮಗ್ಗಿ ತಪ್ಪಿದರೆ ಛಡಿ ಏಟು ಬೀಳುತ್ತಿತ್ತು. ಅಪ್ಪನ ಎಡಗೈ ಬೆರಳೊಂದು ಪೂರ್ತಿ ಮಡಚುತ್ತಿರಲಿಲ್ಲ, ಅದು ಸಾಲಿಯ ನೆನಪು. ‘ಯಾಕೆ’ ಎಂದು ಕೇಳುವ ಹಾಗಿರಲಿಲ್ಲ. ನನ್ನ ತಾಯಿಯನ್ನಂತೂ ಸಾಲಿಗೇ ಕಳಿಸಲಿಲ್ಲ. ಆಕೆ ಅಂಗಳದಲ್ಲಿ ಹದಿನೈದು ಚುಕ್ಕಿಯಿಂದ ಎಂಟು ಬರುವ ತನಕ ಎರಡೂ ಕಡೆ ಇಳಿಸಿ ರಂಗೋಲಿ ಹಾಕುತ್ತಿದ್ದಳು. ಒಂದು ಚುಕ್ಕಿ ತಪ್ಪಿದರೂ ಗೆರೆ ಮುಚ್ಚಿಕೊಳ್ಳುವುದಿಲ್ಲ. ಆಕೆಗೆ ಒಮ್ಮೆಯೂ ತಪ್ಪಿದ್ದು ನಾನು ಕಂಡಿಲ್ಲ. ಹತ್ತನೇ ಇಯತ್ತೆಗೆ ಸಮಾಂತರ ಶ್ರೇಢಿ ಕಲಿಸುವಾಗ ನಾನು ಅದೇ ರಂಗೋಲಿಯನ್ನು ಬೋರ್ಡಿನ ಮೇಲೆ ಹಾಕುತ್ತಿದ್ದೆ. ನಡುವಿನ ಸಾಲು 15. ಅದರ ಮೇಲೆ 14ರಿಂದ 8ರವರೆಗೆ ಏಳು ಸಾಲು, ಕೂಡಿಸಿದರೆ 77. ಕೆಳಗೂ ಅಷ್ಟೇ. ಒಟ್ಟು 169 ಚುಕ್ಕಿ. “ಹದಿಮೂರರ ವರ್ಗ ಬಂತಲ್ರೀ ಟೀಚರ್!” ಎಂದು ಹಿಂದಿನ ಬೆಂಚಿನ ಹುಡುಗಿ ಕೂಗಿದ ದಿನ, ಎಲ್ಲ ರಂಗೋಲಿಯಲ್ಲೂ ಹೀಗೇ ವರ್ಗಸಂಖ್ಯೆ ಬರುತ್ತದೆಯೇ ಎಂದು ಇಡೀ ಕ್ಲಾಸು ಅರ್ಧ ತಾಸು ಚುಕ್ಕಿ ಇಟ್ಟಿತು. ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹುಡುಕುವುದರಲ್ಲಿ ಆ ತಾಸೇ ಮುಗಿಯಿತು. ನನ್ನ ಮೂವತ್ತೈದು ವರ್ಷಗಳಲ್ಲಿ ಅಷ್ಟು ಚಲೋ ಪಾಠ ಬಹಳ ಆಗಿಲ್ಲ.

1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಬಂತು. ಮರುವರ್ಷದಿಂದ ಕಿಲೋ ತೂಕ ಹಂತಹಂತವಾಗಿ ಬಂದು 1962ರ ಹೊತ್ತಿಗೆ ಸೇರು ಮಣ ಎರಡೂ ಕಾನೂನಿನಿಂದ ಹೊರಗಾದವು. 1964ರಲ್ಲಿ ನಾನು ಪಾಟಿ ಹಿಡಿದು ಒಂದನೇ ಇಯತ್ತೆಗೆ ಹೋದಾಗ ಸವಾಯಕಿ, ದೀಡಕಿಗೆ ಕೆಲಸವೇ ಉಳಿದಿರಲಿಲ್ಲ. ಅಂಕಲಿಪಿಯಲ್ಲಿ ಇಪ್ಪತ್ತರ ತನಕ ಮಗ್ಗಿ ಇತ್ತು, ಅಷ್ಟೇ. ದಶಮಾಂಶ ಬಂದದ್ದು ಒಳ್ಳೆಯದೇ ಆಯಿತು. ಆದರೆ ಮಣ್ಣಿನ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ನಿಮ್ಮ ಹೊಲದ ಉತಾರ (ಪಹಣಿ) ತೆಗೆದು ನೋಡಿ: ಎಕರೆ, ಗುಂಟೆ, ಆಣೆ. ಗುಂಟೆಗೆ ಹದಿನಾರು ಆಣೆ, ಎಕರೆಗೆ ನಲವತ್ತು ಗುಂಟೆ. ಒಂದು ಗುಂಟೆ ಅಂದರೆ ಉದ್ದ 33 ಅಡಿ, ಅಗಲ 33 ಅಡಿ, ಅಂದರೆ 1089 ಚದರಡಿ. ಅದರ ನಲವತ್ತರಷ್ಟು 43,560 ಚದರಡಿಗೆ ಒಂದು ಎಕರೆ. ಪಾಠಪುಸ್ತಕ ಹೆಕ್ಟೇರ್ ಕಲಿಸುತ್ತದೆ, ಕಲಿಸಲಿ. ಅಣ್ಣತಮ್ಮಂದಿರ ಪಾಲುಪಟ್ಟಿ ಆಗುವಾಗ ಮೂರು ಎಕರೆ ಹದಿನೇಳು ಗುಂಟೆಯನ್ನು ನಾಲ್ಕು ಭಾಗ ಮಾಡಲು ಬರದ ಪದವೀಧರರನ್ನು ನಾನು ಕಂಡಿದ್ದೇನೆ. ಮೂರು ಎಕರೆಗೆ 120, ಮೇಲೆ 17, ಒಟ್ಟು 137 ಗುಂಟೆ. ನಾಲ್ಕರಿಂದ ಭಾಗಿಸಿದರೆ 34 ಗುಂಟೆ 4 ಆಣೆ. ಐದನೇ ಇಯತ್ತೆಯ ಮಗು ಮಾಡಬಹುದಾದ ಲೆಕ್ಕ. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದನ್ನು ನಾನು ನೋಡಲಿಲ್ಲ.

ಅದೇ 1957ರ ಅಕ್ಟೋಬರಿನಲ್ಲಿ ರಷ್ಯ ಸ್ಪುಟ್ನಿಕ್ ಹಾರಿಸಿತು. ಹಿಂದೆ ಬಿದ್ದೆವೆಂಬ ದಿಗಿಲಿನಲ್ಲಿ ಅಮೆರಿಕ ತನ್ನ ಶಾಲೆಯ ಗಣಿತವನ್ನೇ ಬುಡಮೇಲು ಮಾಡಿ, ಲೆಕ್ಕಕ್ಕಿಂತ ಲೆಕ್ಕದ ರಚನೆ ಮುಖ್ಯವೆಂದು ಸಣ್ಣ ಮಕ್ಕಳಿಗೂ ಗಣ ಸಿದ್ಧಾಂತ (ಸೆಟ್ ಥಿಯರಿ) ತಂದಿತು. ಆ ಗಾಳಿ ನಮ್ಮ ಪುಸ್ತಕಗಳಿಗೂ ಬೀಸಿತು. ನಾನು ಹೈಸ್ಕೂಲಿಗೆ ಕಾಲಿಟ್ಟಾಗ ಬೀಜಗಣಿತಕ್ಕೂ ಮೊದಲು ‘ಗಣಗಳು’ ಎಂಬ ಪಾಠ ಬಂತು. ಉಪಗಣ, ಶೂನ್ಯ ಗಣ, ಸಂಯೋಗ, ಛೇದನ, ವೆನ್ ಚಿತ್ರ. ನಮ್ಮ ಗುರುಗಳು ಬೇಸಿಗೆಯ ತರಬೇತಿಯಲ್ಲಿ ತಾವೇ ಹೊಸದಾಗಿ ಕಲಿತು ಬಂದು ಕಲಿಸುತ್ತಿದ್ದರು. ಅಪ್ಪ ನನ್ನ ಪುಸ್ತಕ ತಿರುವಿ ಹಾಕಿ “ಇದರಾಗ ಲೆಕ್ಕ ಎಲ್ಲೈತವ್ವಾ?” ಎಂದರು. ಲಕ್ಷ ರೂಪಾಯಿಯ ಖಾತೆವಹಿ ಒಂದು ಪೈ ತಪ್ಪದಂತೆ ಬರೆಯುವ ಮನುಷ್ಯ ಮಗಳ ಗಣಿತದ ಮುಂದೆ ಅಂದಿನಿಂದ ಸುಮ್ಮನಾದರು. ಮತ್ತೆ ನನ್ನ ಪುಸ್ತಕ ತೆರೆಯಲಿಲ್ಲ. ನನಗೆ ಆ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗಣಗಳ ಪಾಠ ವ್ಯರ್ಥವೆಂದು ನಾನು ಹೇಳುವುದಿಲ್ಲ. ಧಾರವಾಡದಲ್ಲಿ ಪದವಿ ಓದುವಾಗ ಅದರ ಬೆಲೆ ತಿಳಿಯಿತು. ಆದರೆ ಹದಿಮೂರು ವರ್ಷದ ಮಗುವಿಗೆ ಅದು ವ್ಯಾಖ್ಯೆ ಬಾಯಿಪಾಠ ಮಾಡುವ ಇನ್ನೊಂದು ಮಗ್ಗಿಯಾಗಿಯೇ ಉಳಿಯಿತು. ಅಮೆರಿಕ ಎಪ್ಪತ್ತರ ದಶಕದಲ್ಲೇ ಅದರಿಂದ ಹಿಂದೆ ಸರಿಯಿತು. ನಮ್ಮ ಪುಸ್ತಕಗಳಲ್ಲಿ ಬಹುಕಾಲ ನಿಂತಿತು.

ಆಮೇಲಿನ ಎರಡು ದಶಕ ಗೈಡುಗಳ ಕಾಲ. ಹತ್ತನೇ ಇಯತ್ತೆಯ ತನಕ ಎಲ್ಲರಿಗೂ ಗಣಿತ ಕಡ್ಡಾಯವಾಗಲಿ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತ್ತು, ಒಳ್ಳೆಯ ಮಾತು. ಎಲ್ಲರನ್ನೂ ಪಾಸು ಮಾಡಿಸಬೇಕಾದ ನಾವು ಹಂತಹಂತಕ್ಕೆ ಅಂಕ ಎಂದು ಹಂತಗಳನ್ನೇ ಕಂಠಪಾಠ ಮಾಡಿಸಿದೆವು. ನಾನೂ ಮಾಡಿಸಿದೆ. ‘ವಿಧಾನ ತಪ್ಪು’ ಎನ್ನುವ ಕೆಂಪು ಶಾಯಿ ಹುಟ್ಟಿದ್ದು ಆಗಲೇ.

ನಲಿ-ಕಲಿಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಸಣ್ಣ ತರಗತಿಗಳ ಮಕ್ಕಳು ನಲಿಯುತ್ತಾ ಕಲಿಯಲೆಂದು ಶಿಕ್ಷಕರೇ ಕೂತು ಕಟ್ಟಿದ ಕ್ರಮ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಪನಂಬಿಕೆ ಇಟ್ಟುಕೊಂಡೇ ನಾನು ಹಳ್ಳಿಯ ಶಾಲೆಯೊಂದಕ್ಕೆ ನೋಡಲು ಹೋದೆ. ಮಕ್ಕಳು ನೆಲದ ಮೇಲೆ ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕೂತಿದ್ದರು. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಹಾಳೆಗಳು. ಒಂದು ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಹುಡುಕಿ, ಕಾರ್ಡು ತಂದು, ಹುಣಸೆಬೀಜ ಹತ್ತತ್ತು ಗುಂಪು ಮಾಡುತ್ತಿತ್ತು. ಎಣಿಕೆ ತಪ್ಪಿತು. ಯಾರೂ ಬೈಯಲಿಲ್ಲ. ಮತ್ತೆ ಎಣಿಸಿತು. ನನ್ನ ಅಪ್ಪನ ಮಡಚದ ಬೆರಳು ನೆನಪಾಗಿ ನನ್ನ ಕಣ್ಣು ತುಂಬಿ ಬಂತು.

ಇಷ್ಟು ಚಲೋ ಬದಲಾವಣೆಯ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಬಂತು: ಮಗ್ಗಿ ಹೇಳಿಸುವುದೇ ಹಳೆಯ ಪದ್ಧತಿ, ಕೂಡದು ಎಂದು. ಮಗ್ಗಿಯನ್ನು ಹೊಡೆದು ಕಲಿಸಬಾರದು. ಏಳೆಂಟ್ಲೆ ಐವತ್ತಾರು ಯಾಕಾಯಿತು ಎಂದು ಬೀಜ ಜೋಡಿಸಿ ಕಂಡ ಮಗು ಆಮೇಲೆ ಅದನ್ನು ರಾಗವಾಗಿ ಹೇಳಿ ಬಾಯಿಗೆ ಹತ್ತಿಸಿಕೊಂಡರೆ ನಷ್ಟವೇನು? ಭಾಗಾಕಾರದ ಹೊತ್ತಿಗೆ ಮಗ್ಗಿ ಬಾರದ ಮಗು ಪ್ರತಿ ಹೆಜ್ಜೆಗೂ ಬೆರಳೆಣಿಸಿ ದಣಿಯುತ್ತದೆ. ದಣಿದ ಮಗು ಗಣಿತ ತನಗೆ ಒಗ್ಗದು ಎಂದುಕೊಳ್ಳುತ್ತದೆ. ಹೈಸ್ಕೂಲಿಗೆ ಬಂದ ಅಂಥ ಮಕ್ಕಳನ್ನು ನಾನು ವರ್ಷ ವರ್ಷ ಎದುರು ಕೂಡಿಸಿಕೊಂಡಿದ್ದೇನೆ.

ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದಲ್ಲಿ ನಾಲ್ಕು, ಐದನೇ ತರಗತಿಗೆ ಮಣಿ ಮುಂತಾದ ಕಲಿಕಾ ಸಾಮಗ್ರಿಯ ಕಿಟ್ ಬಂತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗೆ ತಾಯಂದಿರು ಮಕ್ಕಳನ್ನು ಕರೆತಂದು ಕೂತು ನೋಡುವುದು ನನಗೆ ಬಹಳ ಹಿಡಿಸಿತು, ಮನೆಗೂ ಗಣಿತಕ್ಕೂ ಅಲ್ಲೊಂದು ಬಾಗಿಲು ತೆರೆಯುತ್ತದೆ. ಕಿಟ್ ಮಾತ್ರ ಕೆಲವು ಕಡೆ ಕಪಾಟಿನಲ್ಲಿ ಕೀಲಿ ಹಾಕಿಕೊಂಡೇ ಇದೆ. ಒಂದು ಮಣಿ ಕಳೆದರೂ ಸ್ಟಾಕ್ ರಜಿಸ್ಟರಿಗೆ ಜವಾಬು ಹೇಳಬೇಕೆಂಬ ಭಯ. ಮಣಿ ಕಳೆಯಲಿ, ಸವೆಯಲಿ, ಅದಕ್ಕೆ ಶಿಕ್ಷಕರು ಹೊಣೆಯಲ್ಲ ಎಂದು ಇಲಾಖೆ ಒಂದು ಸಾಲು ಬರೆದು ಕಳಿಸಿದರೆ ಆ ಕಪಾಟುಗಳು ತೆರೆಯುತ್ತವೆ.

ಭಾಷೆಯ ಮಾತೂ ಇದೆ. ಓಣಿಯ ಅರ್ಧ ಮಕ್ಕಳು ಈಗ ಇಂಗ್ಲಿಷ್ ಮಾಧ್ಯಮದವರು. ಥರ್ಟೀನ್ ಅಂದರೆ 30 ಬರೆಯುತ್ತಾರೆ, ಥರ್ಟಿ ಅಂದರೆ 13. ಕನ್ನಡದ ‘ಹದಿಮೂರು’ ಹತ್ತನ್ನು ಮೊದಲು ಹೇಳಿ ಆಮೇಲೆ ಮೂರನ್ನು ಹೇಳುತ್ತದೆ. ಬರೆಯುವ ಕ್ರಮವೂ ಅದೇ. ಮೂವತ್ತು ಎಂಬುದರಲ್ಲಿ ಮೂರು ಹತ್ತು ಕಿವಿಗೇ ಕೇಳುತ್ತದೆ. ಸ್ಥಾನಬೆಲೆಯ ಅರ್ಧ ಪಾಠವನ್ನು ನಮ್ಮ ನುಡಿ ಪುಕ್ಕಟೆ ಮಾಡಿಕೊಟ್ಟಿದೆ. ಯಾವ ಮಾಧ್ಯಮವೇ ಇರಲಿ, ಒಂದು ಎರಡನೇ ತರಗತಿಯಲ್ಲಿ ಸಂಖ್ಯೆಗಳನ್ನು ಕನ್ನಡದಲ್ಲೂ ಎಣಿಸಲಿ ಎಂದು ಕೇಳಿಕೊಳ್ಳುತ್ತೇನೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಅಭ್ಯಾಸವನ್ನು ಫೋನ್‌ಪೇ ಹೇಗೂ ತೆಗೆದುಕೊಂಡು ಹೋಗಿದೆ. ಉಳಿದದ್ದನ್ನಾದರೂ ಕಾಪಾಡಿಕೊಳ್ಳೋಣ.

ಈಗ ನನ್ನ ಮುಖ್ಯ ಬೇಡಿಕೆ. ಉತ್ತರ ಸರಿಯಿದ್ದು, ಹೇಗೆ ಮಾಡಿದೆ ಎಂದು ಮಗು ಹೇಳಬಲ್ಲುದಾದರೆ, ಪುಸ್ತಕದ ವಿಧಾನ ಇರಲಿ ಬಿಡಲಿ, ಪೂರ್ತಿ ಅಂಕ ಕೊಡಬೇಕೆಂದು ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಇದು ನನ್ನ ಮನಸ್ಸಿಗೆ ತೋಚಿದ ಹೊಸ ಮಾತೇನಲ್ಲ. ಮಗುವಿನ ಆಲೋಚನೆಯನ್ನೇ ಗಣಿತಕ್ಕೆ ಪಳಗಿಸುವುದು ಮುಖ್ಯ ಗುರಿ, ಒಂದೇ ವಿಧಾನ ಒಂದೇ ಉತ್ತರದ ಹಿಡಿತದಿಂದ ಶಾಲೆಯ ಗಣಿತವನ್ನು ಬಿಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕಾಲದಲ್ಲೇ ಹೇಳಿ ಆಗಿದೆ. ಆ ಮಾತು ಗದಗಿನ ಓಣಿಯ ನೋಟ್‌ಬುಕ್ಕಿನ ತನಕ ಇಳಿದು ಬರಬೇಕು. ಅದರ ಜೊತೆಗೆ, ಪ್ರತಿ ಸೆಮಿಸ್ಟರಿನ ಮೊದಲ ಪಾಲಕರ ಸಭೆಯಲ್ಲಿ ಒಂದು ಹಾಳೆ ಹಂಚಿ: ಈ ಸಲ ನಿಮ್ಮ ಮಗು ಕಳೆಯುವುದನ್ನು, ಭಾಗಿಸುವುದನ್ನು ಹೀಗೆ ಕಲಿಯುತ್ತದೆ, ನೀವು ಕಲಿತದ್ದು ಹೀಗಿರಬಹುದು, ಎರಡೂ ಸರಿ. ನಮ್ಮ ಕಡೆಯ ಸರಳ ಕನ್ನಡದಲ್ಲಿ ಇರಲಿ. ಓದಲು ಬಾರದವರಿಗೆ ಶಿಕ್ಷಕರು ಬೋರ್ಡಿನ ಮೇಲೆ ಮಾಡಿ ತೋರಿಸಲಿ. ಡಯಟ್‌ಗಳು ಇದನ್ನು ಒಂದು ತಿಂಗಳಲ್ಲಿ ಸಿದ್ಧಪಡಿಸಬಲ್ಲವು. ಬರೆದುಕೊಡು ಎಂದರೆ ನಾನೂ ಬಂದು ಕೂಡುತ್ತೇನೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನ ನಾನು ಅವಳ ಶಿಕ್ಷಕಿಯನ್ನು ಕಂಡು ಮೂರೂ ವಿಧಾನ ಬರೆದು ತೋರಿಸಿದೆ. ಆಕೆ ದೊಡ್ಡ ಮನಸ್ಸಿನವಳು. “ಅಜ್ಜಾರನ್ನ ಒಂದಿನ ಸಾಲಿಗೆ ಕರಕೊಂಡು ಬರ್ರಿ” ಎಂದಳು. ಮೂರನೇ ಇಯತ್ತೆಯ ಮೇಲೆ ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಬಂದರು. ಬೋರ್ಡಿನ ಮೇಲೆ ನಡುಗುವ ಕೈಯಿಂದ ಲೆಕ್ಕ ಬರೆದರು. ಮಕ್ಕಳು ಒಟ್ಟಿಗೆ ಕೇಳಿದರು: “ಕೆಳಗ ಒಂದು ಯಾಕ ಕೂಡಿಸ್ತೀ ಅಜ್ಜಾ?” ಅವರು ಸುಮ್ಮನೆ ನಿಂತರು. ಆ ಪ್ರಶ್ನೆಯನ್ನು ಅವರ ಕಾಲದಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಎದ್ದು ನಿಂತಳು.

“ಅಜ್ಜಾ, ನಿನಗ ಹತ್ತು ವರ್ಷ ಹೆಚ್ಚಾದ್ರ ನನಗೂ ಹತ್ತು ಹೆಚ್ಚಾಗ್ತಾವಲ್ಲ. ನಡುವಿನ ಅಂತರ ಅಷ್ಟ ಇರ್ತೈತಿ. ಮ್ಯಾಲ ಹತ್ತು ಬಿಡಿ ಹಾಕಿದ್ವಿ, ಕೆಳಗ ಒಂದು ಹತ್ತು ಹಾಕಿದ್ವಿ.”

ಈಗ ಶಾಲೆಗಳು ಮತ್ತೆ ತೆರೆದಿವೆ. ಅವಳು ಐದನೇ ಇಯತ್ತೆಗೆ ಬಂದಿದ್ದಾಳೆ, ಬೇರೆ ಶಿಕ್ಷಕರು. ದೊಡ್ಡ ಭಾಗಾಕಾರ ಶುರುವಾಗುತ್ತದೆ. 875 ರೂಪಾಯಿಯನ್ನು ಏಳು ಮಂದಿಗೆ ಹಂಚುವುದನ್ನು ಅಜ್ಜ ಈಗಾಗಲೇ ಹೇಳಿಕೊಟ್ಟಿದ್ದಾರೆ: ಮೊದಲ ನೂರು ನೂರು ಕೊಡು, ಏಳನೂರು ಹೋತು. ಉಳಿದ ನೂರಾ ಎಪ್ಪತ್ತೈದರಾಗ ಇಪ್ಪತ್ತಿಪ್ಪತ್ತು ಕೊಡು, ನೂರಾ ನಲವತ್ತು ಹೋತು. ಇನ್ನ ಮೂವತ್ತೈದು, ಐದೈದು. ಒಬ್ಬೊಬ್ಬರಿಗೆ ನೂರಾ ಇಪ್ಪತ್ತೈದು. ಅವಳು ಪರೀಕ್ಷೆಯಲ್ಲಿ ಹೀಗೇ ಬರೆಯುತ್ತಾಳೆ. ಆ ಉತ್ತರಪತ್ರಿಕೆ ತಿದ್ದುವವರ ಕೈಗೆ ನಿಮ್ಮ ಸುತ್ತೋಲೆ ಅದಕ್ಕೆ ಮೊದಲೇ ತಲುಪಲಿ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಬೆಟಗೇರಿ, ಗದಗ ಜಿಲ್ಲೆ